ಪರ್ಲ್ ಕಂಪೈಲ್ ಆಯಿತು, ಡಿಬಿಎಂ ಟೆಸ್ಟ್‌ಗಳು ಬಿದ್ದವು: ಕಾಸರಗೋಡಿನ ಒಂದು ಸರ್ವರ್‌ನ ಪ್ರಕರಣ ಅಧ್ಯಯನ

ಕಾಸರಗೋಡು ಪೇಟೆಯ ಒಂದು ಸಣ್ಣ ಪ್ರಕಾಶನ ಘಟಕದಲ್ಲಿ ಊರಹೆಸರುಗಳ ಕನ್ನಡ–ಮಲಯಾಳ ಕೋಶ ಸಿದ್ಧವಾಗುತ್ತಿದೆ. ಮಂಜೇಶ್ವರ ಎಂದು ಹುಡುಕಿದರೆ ಮಲಯಾಳದ ಮಂಜೇಶ್ವರಂ ರೂಪ, ಅದರ ಪಂಚಾಯತು, ಬಳಕೆಯ ಬೇರೆ ರೂಪಗಳು ಎಲ್ಲ ಒಟ್ಟಿಗೆ ಸಿಗಬೇಕು. ನಮೂದುಗಳು ಜಿಡಿಬಿಎಂ ಕಡತಗಳಲ್ಲಿವೆ; ಕೀಲಿಪದ ಕೊಟ್ಟರೆ ಅದರ ಮೌಲ್ಯ ಕೊಡುವ ಡಿಬಿಎಂ ಬಗೆಯ ಸರಳ ಡೇಟಾಬೇಸುಗಳಲ್ಲಿ ಇದೂ ಒಂದು. ಅವುಗಳನ್ನು ಓದಿ, ಅಕಾರಾದಿಯಾಗಿ ಜೋಡಿಸಿ, ಪುಟವಿನ್ಯಾಸಕ್ಕೆ ಕಳಿಸುವ ಕೆಲಸ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟುಗಳದು. ಹಳೆಯ ಸರ್ವರ್‌ನಲ್ಲಿದ್ದದ್ದು ಲಿನಕ್ಸ್‌ನ ಡೆಬಿಯನ್ 10, ಅದರ ಪರ್ಲ್ 5.28.1. ಡೆಬಿಯನ್ 10ರ ದೀರ್ಘಾವಧಿ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಹಾಗಾಗಿ ಡೆಬಿಯನ್ 12 ಹಾಕಿದ ಹೊಸ ಯಂತ್ರಕ್ಕೆ ಎಲ್ಲವನ್ನೂ ಸಾಗಿಸಬೇಕಾಯಿತು.

ಡೆಬಿಯನ್ 12ರ ಜೊತೆ ಪರ್ಲ್ 5.36 ಬರುತ್ತದೆ. ಹೊಸ ಕೆಲಸಕ್ಕೆ ಅದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿಯ ಕಷ್ಟ ಬೇರೆ: ಕೋಶದ ಮೊದಲ ಸಂಪುಟ ಆಗಲೇ ಅಚ್ಚಾಗಿದೆ. ಅಕಾರಾದಿ ಜೋಡಣೆಗೆ ಬಳಸಿದ ಯೂನಿಕೋಡ್::ಕೊಲೇಟ್ ಮಾಡ್ಯೂಲ್ ಪರ್ಲ್ ಜೊತೆಗೇ ಬರುವಂಥದ್ದು. ಅದರಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ಪ್ರತ್ಯೇಕ ನಿಯಮಗಳಿವೆ. ಪರ್ಲ್ 5.28 ಯೂನಿಕೋಡ್ 10ನ್ನು ಅನುಸರಿಸುತ್ತದೆ, 5.36 ಯೂನಿಕೋಡ್ 14ನ್ನು. ಒಂದೇ ಕೋಶದ ಎರಡು ಸಂಪುಟಗಳಲ್ಲಿ ಅನುಕ್ರಮ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಬಂದರೆ ಓದುಗ ದಾರಿತಪ್ಪುತ್ತಾನೆ. ಎರಡನೆಯ ಸಂಪುಟ ಮುಗಿಯುವವರೆಗೆ 5.28.1ನ್ನೇ ಸೋರ್ಸ್‌ನಿಂದ (ಮೂಲ ಕೋಡಿನಿಂದ) ಕಟ್ಟಿ, ಆಪ್ಟ್ (/opt) ಫೋಲ್ಡರ್‌ನೊಳಗೆ ಬೇರೆಯಾಗಿ ಇಡುವುದೆಂಬ ನಿರ್ಧಾರ ಸಮಂಜಸವಾದದ್ದು. ಭದ್ರತಾ ತಿದ್ದುಪಡಿಗಳು ನಿಂತುಹೋದ ಆವೃತ್ತಿ ಇದು, ಆದ್ದರಿಂದ ಹೊರಜಾಲಕ್ಕೆ ತೆರೆದಿರುವ ಯಾವ ಕೆಲಸಕ್ಕೂ ಇದನ್ನು ಹಚ್ಚಬಾರದು.

ಕಟ್ಟುವ ಮುನ್ನ

ಸೋರ್ಸನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಮತ್ತು ಕಟ್ಟುವ ಹಂತಗಳನ್ನು ನಡೆಸುವ ಮೇಕ್ ಒಳಗೊಂಡ ಬಿಲ್ಡ್-ಎಸೆನ್ಶಿಯಲ್ ಪ್ಯಾಕೇಜು ಬೇಕೇ ಬೇಕು. ಅದರ ಜೊತೆಗೆ, ಲೈಬ್ರರಿಗಳ ಹೆಡರ್ ಕಡತಗಳಿರುವ ಮೂರು ಡೆವ್ ಪ್ಯಾಕೇಜುಗಳು: ಜಿಡಿಬಿಎಂನದು, ಜಿಡಿಬಿಎಂ-ಕಂಪ್ಯಾಟ್‌ನದು, ಬರ್ಕ್‌ಲಿ ಡಿಬಿಯದು. ಎರಡನೆಯದನ್ನು ಮರೆಯುವವರು ಹೆಚ್ಚು. ಹಳೆಯ ಎನ್‌ಡಿಬಿಎಂ ಮತ್ತು ಡಿಬಿಎಂ ಹೆಡರ್ ಕಡತಗಳು ಇರುವುದು ಅದರಲ್ಲೇ. ಇವು ಇಲ್ಲದಿದ್ದರೆ, ಯಂತ್ರವನ್ನು ಪರಿಶೀಲಿಸಿ ಕಟ್ಟುವ ಹೊಂದಿಕೆ ಬರೆಯುವ ಕಾನ್ಫಿಗರ್ ಸ್ಕ್ರಿಪ್ಟ್ ಗಲಾಟೆ ಮಾಡುವುದಿಲ್ಲ, ಆ ಮಾಡ್ಯೂಲನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಕಟ್ಟದ ಮಾಡ್ಯೂಲಿಗೆ ಟೆಸ್ಟೂ ಓಡುವುದಿಲ್ಲ, ಕೊನೆಯಲ್ಲಿ ಎಲ್ಲ ಪಾಸ್ ಎಂದು ಕಾಣುತ್ತದೆ. ಕಾನ್ಫಿಗರ್ ಮುಗಿದ ಕೂಡಲೇ ಕಾನ್ಫಿಗ್.ಎಸ್‌ಎಚ್ ಕಡತದ ಎಕ್ಸ್‌ಟೆನ್ಶನ್ಸ್ ಸಾಲಿನಲ್ಲಿ ಜಿಡಿಬಿಎಂ_ಫೈಲ್ ಹೆಸರು ಇದೆಯೇ ಎಂದು ನೋಡಿಕೊಳ್ಳಬೇಕು. ಈ ಪ್ರಕರಣದಲ್ಲಿ ಇತ್ತು.

ಸಾಮಾನ್ಯ ಬಳಕೆದಾರನ ಖಾತೆಯಿಂದಲೇ ಕಟ್ಟಬೇಕು, ರೂಟ್ ಅಧಿಕಾರ ಕೊನೆಯ ಇನ್‌ಸ್ಟಾಲ್ ಹಂತಕ್ಕೆ ಮಾತ್ರ ಸಾಕು. ಕಡತಗಳ ಅನುಮತಿ ಪರೀಕ್ಷಿಸುವ ಟೆಸ್ಟ್‌ಗಳಿಗೆ ರೂಟ್ ಖಾತೆಯಲ್ಲಿ ಅರ್ಥವೇ ಉಳಿಯುವುದಿಲ್ಲ, ರೂಟ್‌ಗೆ ಎಲ್ಲವೂ ತೆರೆದೇ ಇರುತ್ತದೆ.

ಇನ್ನೊಂದು ಮಾತು ಈ ಕರಾವಳಿಗೆ ಸಲ್ಲುವಂಥದ್ದು. ಮಳೆಗಾಲದಲ್ಲಿ ಕಂಪೈಲ್ ನಡುವೆ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೆ, ಅರ್ಧ ಬರೆದ ಅಥವಾ ಸೊನ್ನೆ ಬೈಟಿನ ಆಬ್ಜೆಕ್ಟ್ ಕಡತಗಳು ಉಳಿದುಬಿಡಬಹುದು. ಮೇಕ್ ನೋಡುವುದು ಕಡತದ ಸಮಯವನ್ನಷ್ಟೇ. ಕಡತ ಸೋರ್ಸ್‌ಗಿಂತ ಹೊಸದಾಗಿದ್ದರೆ ಕೆಲಸ ಆಗಿದೆ ಎಂದೇ ಅದರ ಲೆಕ್ಕ. ಹಾಗೆ ಕರೆಂಟು ಹೋಗಿ ಬಂದ ಮೇಲೆ ಇದ್ದಲ್ಲಿಂದ ಮುಂದುವರಿಸದೆ, ಸೋರ್ಸ್ ಕಟ್ಟನ್ನು ಹೊಸದಾಗಿ ಬಿಚ್ಚಿ ಮೊದಲಿನಿಂದ ಕಟ್ಟುವುದೇ ಮೇಲು.

ಏನೇನು ಬಿತ್ತು

ಕಾನ್ಫಿಗರ್‌ಗೆ -ಡಿಇಎಸ್ ಕೊಟ್ಟು, ಪ್ರಿಫಿಕ್ಸ್ ಆಗಿ ಆಪ್ಟ್ ಒಳಗಿನ ಫೋಲ್ಡರ್ ತೋರಿಸಿ, ಮೇಕ್ ಓಡಿಸಲಾಗಿತ್ತು. ಕಂಪೈಲರ್ ಜಿಸಿಸಿ 12.2, 64 ಬಿಟ್ ಇಂಟೆಲ್ ಯಂತ್ರ. ಕಂಪೈಲ್ ಒಂದೂ ದೋಷವಿಲ್ಲದೆ ಮುಗಿಯಿತು. ಎಂಟು ಟೆಸ್ಟ್ ಒಟ್ಟಿಗೆ ಓಡಲೆಂದು ಟೆಸ್ಟ್_ಜಾಬ್ಸ್ ಮೌಲ್ಯ 8 ಎಂದಿಟ್ಟು, ಟೆಸ್ಟ್‌ಗಳನ್ನೆಲ್ಲ ನಡೆಸುವ ಟೆಸ್ಟ್_ಹಾರ್ನೆಸ್ ಓಡಿಸಿದಾಗ ಬಿದ್ದ ಕಡತಗಳು ಇವು: ಜಿಡಿಬಿಎಂ_ಫೈಲ್, ಎನ್‌ಡಿಬಿಎಂ_ಫೈಲ್ ಮತ್ತು ಒಡಿಬಿಎಂ_ಫೈಲ್ ಮಾಡ್ಯೂಲ್‌ಗಳವು, ಲಿಬ್ ಫೋಲ್ಡರ್‌ನ ಎನಿಡಿಬಿಎಂ_ಫೈಲ್, ಟೈಮ್-ಲೋಕಲ್‌ನ ಲೋಕಲ್.ಟಿ, ಟೈಮ್-ಹೈರೆಸ್‌ನ ಕೆಲವು. ಲಾಗ್ ಕಡತದ ಉದ್ದಕ್ಕೂ ಲೋಕೇಲ್ (ಭಾಷೆ-ಪ್ರದೇಶದ ಹೊಂದಿಕೆ) ಎಚ್ಚರಿಕೆಗಳು ಬೇರೆ.

ಇಂಥ ಪಟ್ಟಿ ಕಂಡಾಗ ಮೊದಲಿನದನ್ನು ಹಿಡಿದು ಜಾಲತಾಣದಲ್ಲಿ ಹುಡುಕಲು ಹೊರಡುವುದು ವ್ಯರ್ಥ. ಮೊದಲು ಏನು ಪಾಸಾಗಿದೆ ಎಂದು ನೋಡಬೇಕು. ಪರ್ಲ್ ಟೆಸ್ಟ್‌ಗಳು ಬೇಸ್ ಫೋಲ್ಡರ್‌ನಿಂದ ಶುರುವಾಗಿ ಕಾಂಪ್, ಸಿಎಂಡಿ, ಆಪ್ ಎಂದು ಮೇಲೇರುತ್ತವೆ. ಬೇಸ್‌ನಲ್ಲಿ ಬಿದ್ದರೆ ಇಂಟರ್‌ಪ್ರಿಟರೇ ಸರಿಯಿಲ್ಲ, ಮುಂದಿನದನ್ನು ಓದುವುದರಲ್ಲಿ ಫಲವಿಲ್ಲ. ಇಲ್ಲಿ ಆ ನಾಲ್ಕೂ ಪೂರ್ತಿ ಪಾಸ್. ಅಂದರೆ ಭಾಷೆ ಗಟ್ಟಿಯಾಗಿದೆ, ತೊಂದರೆ ಇರುವುದು ಅಂಚಿನಲ್ಲಿ: ಹೊರಗಿನ ಲೈಬ್ರರಿ, ಗಡಿಯಾರ, ಪರಿಸರದ ವೇರಿಯಬಲ್. ಬಿದ್ದವುಗಳನ್ನು ಹಾಗೆ ಗುಂಪು ಮಾಡಿದರೆ ಪಟ್ಟಿ ತಾನಾಗಿ ನಾಲ್ಕು ಪಾಲಾಗುತ್ತದೆ. ನಾಲ್ಕಕ್ಕೂ ಕಾರಣ ಬೇರೆಬೇರೆ.

ಲೋಕೇಲ್ ಎಚ್ಚರಿಕೆ ಸುಲಭದ್ದು. ಡಿಟಿಪಿ ಮೇಜಿನ ಯಂತ್ರದಲ್ಲಿ ಕನ್ನಡ ಲೋಕೇಲ್ ಇದೆ, ಅಲ್ಲಿಂದ ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಹೋಗುತ್ತಾರೆ. ಡೆಬಿಯನ್‌ನ ಎಸ್‌ಎಸ್‌ಎಚ್ ತನ್ನ ಮೂಲ ಹೊಂದಿಕೆಯಲ್ಲೇ ಲ್ಯಾಂಗ್ ಮತ್ತು ಎಲ್‌ಸಿ ವೇರಿಯಬಲ್‌ಗಳನ್ನು ಆಚೆ ಯಂತ್ರಕ್ಕೆ ಕಳಿಸುತ್ತದೆ, ಆಚೆಯದು ಸ್ವೀಕರಿಸುತ್ತದೆ. ಸರ್ವರ್‌ನಲ್ಲಿ ಆ ಲೋಕೇಲ್ ಸಿದ್ಧಪಡಿಸಿರದಿದ್ದರೆ ಪರ್ಲ್ ಪ್ರತಿ ಸಲ ಶುರುವಾದಾಗಲೂ ಲೋಕೇಲ್ ಹೊಂದಿಸಲಾಗಲಿಲ್ಲ, ಸಿ ಲೋಕೇಲ್‌ಗೆ ಮರಳುತ್ತಿದ್ದೇನೆ ಎಂದು ದೂರುತ್ತದೆ. ಟೆಸ್ಟ್‌ಗಳನ್ನು ಕೈಯಿಂದ ಒಂದೊಂದಾಗಿ ಓಡಿಸುವಾಗ ಈ ಸಾಲುಗಳು ನಿಜವಾದ ದೋಷವನ್ನು ಮುಚ್ಚಿಬಿಡುತ್ತವೆ. ಕಟ್ಟುವ ಮತ್ತು ಪರೀಕ್ಷಿಸುವ ಶೆಲ್‌ನಲ್ಲಿ ಎಲ್‌ಸಿ_ಆಲ್ ವೇರಿಯಬಲ್‌ಗೆ ಸಿ ಎಂಬ ಮೌಲ್ಯ ಕೊಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಲಾಗ್ ತಿಳಿಯಾಗುತ್ತದೆ. ದಿನದ ಬಳಕೆಗೆ ಬೇಕಾದ ಕನ್ನಡ, ಮಲಯಾಳ ಲೋಕೇಲ್‌ಗಳನ್ನು ಇಟಿಸಿ ಫೋಲ್ಡರ್‌ನ ಲೋಕೇಲ್.ಜೆನ್ ಕಡತದಲ್ಲಿ ತೆರೆದು, ಲೋಕೇಲ್-ಜೆನ್ ಓಡಿಸಬೇಕು. ಜಿಲಿಬ್‌ಸಿಯಲ್ಲಿ ತುಳುವಿನ ಲೋಕೇಲ್ ಕೂಡ ಇದೆ, ಬೇಕಾದವರು ಅದನ್ನೂ ಸೇರಿಸಿಕೊಳ್ಳಬಹುದು.

ಡಿಬಿಎಂ ಗುಂಪು

ಈ ಪ್ರಕರಣದ ತಿರುಳು ಇಲ್ಲಿದೆ. ಹಾರ್ನೆಸ್‌ನ ಕೊನೆಯ ವರದಿಯಲ್ಲಿ ಈ ಕಡತಗಳ ಮುಂದೆ, ಪ್ರಕ್ರಿಯೆ ಹೇಗೆ ಮುಗಿಯಿತೆಂದು ಹೇಳುವ ವೇಟ್ ಸ್ಟೇಟಸ್ 139 ಎಂದಿತ್ತು. 139 ಅಂದರೆ 128 ಕೂಡಿಸು 11. ಹನ್ನೊಂದನೆಯ ಸಿಗ್ನಲ್ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ತನ್ನದಲ್ಲದ ನೆನಪಿನ ಜಾಗವನ್ನು ಮುಟ್ಟಿ ಸತ್ತದ್ದು; 128 ಎಂಬುದು ಸಾಯುವ ಕ್ಷಣದ ನೆನಪಿನ ಪ್ರತಿಯಾದ ಕೋರ್ ಕಡತ ಉಳಿದದ್ದರ ಗುರುತು. ಬಿದ್ದ ಟೆಸ್ಟ್‌ಗಳ ಸಂಖ್ಯೆ ಸೊನ್ನೆ ಎಂದೂ ಅಲ್ಲೇ ಬರೆದಿತ್ತು. ಈ ಎರಡನ್ನು ಒಟ್ಟಿಗೆ ಓದಬೇಕು: ಯಾವ ಉತ್ತರವೂ ತಪ್ಪಾಗಲಿಲ್ಲ, ಉತ್ತರ ಬರುವ ಮೊದಲೇ ಪ್ರಕ್ರಿಯೆ ಸತ್ತಿತು.

ಟಿ ಫೋಲ್ಡರ್‌ಗೆ ಹೋಗಿ, ಅಲ್ಲಿರುವ ಪರ್ಲ್‌ನಿಂದಲೇ ಹಾರ್ನೆಸ್‌ಗೆ -ವಿ ಕೊಟ್ಟು, ಜಿಡಿಬಿಎಂ ಟೆಸ್ಟ್ ಕಡತವೊಂದನ್ನೇ ಓಡಿಸಿದರೆ ಇನ್ನಷ್ಟು ತಿಳಿಯುತ್ತದೆ. ಕಡತ ತೆರೆಯುವುದು ಪಾಸ್. ಬರೆಯುವುದು ಪಾಸ್. ಮೊದಲ ಓದಿಗೇ ಸಾವು. ಈಗ ಅಕ್ಕಪಕ್ಕದವನ್ನು ನೋಡಿ: ಎಸ್‌ಡಿಬಿಎಂ_ಫೈಲ್ ಪೂರ್ತಿ ಪಾಸ್, ಬರ್ಕ್‌ಲಿಯ ಡಿಬಿ_ಫೈಲ್ ಪೂರ್ತಿ ಪಾಸ್. ಡಿಸ್ಕ್ ತುಂಬಿದ್ದರೆ, ಅನುಮತಿ ಇಲ್ಲದಿದ್ದರೆ, ಕಡತವ್ಯವಸ್ಥೆಯಲ್ಲಿ ಲಾಕ್ ತೊಂದರೆ ಇದ್ದರೆ ಇವೆರಡೂ ಬೀಳಬೇಕಿತ್ತು. ಬೀಳಲಿಲ್ಲ, ಆದ್ದರಿಂದ ಆ ಮೂರೂ ಶಂಕೆಗಳನ್ನು ಅಲ್ಲಿಗೇ ಕೈಬಿಡಬಹುದು. ಎನಿಡಿಬಿಎಂ_ಫೈಲ್ ಬಿದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ: ಅದು ತನ್ನ ಸರದಿಯಲ್ಲಿ ಮೊದಲು ಎತ್ತಿಕೊಳ್ಳುವುದೇ ಎನ್‌ಡಿಬಿಎಂ ಅನ್ನು.

ಹಾಗಾದರೆ ಬಿದ್ದವಕ್ಕೂ ಪಾಸಾದವಕ್ಕೂ ನಡುವಿನ ಗೆರೆ ಯಾವುದು? ಜಿಡಿಬಿಎಂನ ತೆರೆಯುವ ಫಂಕ್ಷನ್ ಹಿಂದಿರುಗಿಸುವುದು ಒಂದು ಪಾಯಿಂಟರ್, ಅಂದರೆ ನೆನಪಿನ ಒಂದು ವಿಳಾಸ. ಬರೆಯುವ ಫಂಕ್ಷನ್ ಹಿಂದಿರುಗಿಸುವುದು ಒಂದು ಪೂರ್ಣಾಂಕ. ಓದುವ ಫೆಚ್, ಫಸ್ಟ್‌ಕೀ, ನೆಕ್ಸ್ಟ್‌ಕೀ ಈ ಮೂರು ಮಾತ್ರ ಡೇಟಮ್ ಎಂಬ ಒಂದು ಸಣ್ಣ ಸ್ಟ್ರಕ್ಟನ್ನೇ (ಹಲವು ಮೌಲ್ಯಗಳ ಕಟ್ಟನ್ನೇ) ಇಡಿಯಾಗಿ ಹಿಂದಿರುಗಿಸುತ್ತವೆ. ಅದರಲ್ಲಿರುವುದು ಒಂದು ಪಾಯಿಂಟರ್, ಒಂದು ಉದ್ದ, ಒಟ್ಟು 16 ಬೈಟು. ಎನ್‌ಡಿಬಿಎಂ, ಒಡಿಬಿಎಂ ಎರಡರಲ್ಲೂ ಇದೇ ರೀತಿ. ಬರ್ಕ್‌ಲಿ ಡಿಬಿಯಲ್ಲಿ ಹಾಗಲ್ಲ, ಅಲ್ಲಿ ಫಲಿತಾಂಶವನ್ನು ಕರೆಯುವವರೇ ಕೊಟ್ಟ ಪಾಯಿಂಟರ್ ಮೂಲಕ ತುಂಬಿಸುತ್ತಾರೆ, ಹಿಂದಿರುಗುವುದು ಬರೀ ಪೂರ್ಣಾಂಕ. ಎಸ್‌ಡಿಬಿಎಂ ಕೂಡ ಡೇಟಮನ್ನೇ ಹಿಂದಿರುಗಿಸುತ್ತದೆ, ಆದರೆ ಅದರ ಸೋರ್ಸ್ ಪರ್ಲ್ ಜೊತೆಗೇ ಇದ್ದು ಪರ್ಲ್‌ನ ಫ್ಲ್ಯಾಗ್‌ಗಳಿಂದಲೇ (ಕಂಪೈಲರ್‌ಗೆ ಕೊಡುವ ಸೂಚನೆಗಳಿಂದಲೇ) ಕಂಪೈಲ್ ಆಗುತ್ತದೆ. ಅಂದರೆ ಡೆಬಿಯನ್‌ನವರು ಮೊದಲೇ ಕಂಪೈಲ್ ಮಾಡಿಕೊಟ್ಟ ಲೈಬ್ರರಿಯಿಂದ ಸಣ್ಣ ಸ್ಟ್ರಕ್ಟ್ ಹಿಂದಿರುಗುವ ಜಾಗದಲ್ಲಿ ಮಾತ್ರ ಸಾವು. ಸ್ಟ್ರಕ್ಟ್ ಹಿಂದಿರುಗಿಸುವ ಪದ್ಧತಿಯ ಬಗ್ಗೆ ಪರ್ಲ್‌ಗೂ ಲೈಬ್ರರಿಗೂ ಒಮ್ಮತವಿಲ್ಲ.

ಇದಕ್ಕೆ ಸಾಕ್ಷಿ ಕಾನ್ಫಿಗ್.ಎಸ್‌ಎಚ್‌ನ ಸಿಸಿಫ್ಲ್ಯಾಗ್ಸ್ ಸಾಲಿನಲ್ಲಿತ್ತು: -ಎಫ್‌ಪಿಸಿಸಿ-ಸ್ಟ್ರಕ್ಟ್-ರಿಟರ್ನ್. ಇದನ್ನು ಯಾರೂ ಕೈಯಿಂದ ಕೊಟ್ಟಿರಲಿಲ್ಲ, ಕಾನ್ಫಿಗರ್ ತಾನಾಗಿ ಸೇರಿಸಿತ್ತು.

ಕಾರಣ ಹೀಗಿದೆ. ಜಿಸಿಸಿಯ ಒಂದನೆಯ ಪೀಳಿಗೆಗೆ ಈ ಫ್ಲ್ಯಾಗ್ ಬೇಕಿತ್ತು. ಕಾನ್ಫಿಗರ್ ಸ್ಕ್ರಿಪ್ಟ್ ಜಿಸಿಸಿಯ ಆವೃತ್ತಿಯನ್ನು ಒಂದು ಕೇಸ್ ವಾಕ್ಯದಲ್ಲಿಟ್ಟು 1*) ಎಂಬ ಮಾದರಿಯೊಡನೆ ಹೋಲಿಸುತ್ತದೆ. 1.37, 1.40 ಇಂಥವನ್ನು ಹಿಡಿಯುವುದು ಅದರ ಉದ್ದೇಶ. ನಕ್ಷತ್ರ ಚಿಹ್ನೆಗೆ ಮಾತ್ರ ಒಂದರ ನಂತರ ಚುಕ್ಕೆ ಬಂತೋ ಇನ್ನೊಂದು ಅಂಕೆ ಬಂತೋ ಎಂಬ ಭೇದವಿಲ್ಲ. ಜಿಸಿಸಿ 10.1 ಬಂದದ್ದು 2020ರ ಮೇ ತಿಂಗಳಲ್ಲಿ. ಪರ್ಲ್ 5.28.1 ಬಂದದ್ದು 2018ರ ನವೆಂಬರ್‌ನಲ್ಲಿ, ಆಗ ಎರಡಂಕಿಯ ಜಿಸಿಸಿ ಇರಲೇ ಇಲ್ಲ. ಹಾಗಾಗಿ 10, 11, 12 ಎಲ್ಲವೂ ಈ ಸ್ಕ್ರಿಪ್ಟಿನ ಕಣ್ಣಿಗೆ ಜಿಸಿಸಿ 1.

ಫ್ಲ್ಯಾಗ್ ಮಾಡುವ ಹಾನಿಯನ್ನು ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹಗಳಾದ ರಿಜಿಸ್ಟರ್‌ಗಳ ಮಟ್ಟದಲ್ಲಿ ನೋಡಿದರೆ ಎಲ್ಲ ಬಿಡಿಸಿ ಕಾಣುತ್ತದೆ. 64 ಬಿಟ್ ಇಂಟೆಲ್‌ನ ಯೂನಿಕ್ಸ್ ಒಪ್ಪಂದದಂತೆ 16 ಬೈಟಿನ ಇಂಥ ಸ್ಟ್ರಕ್ಟ್ ಆರ್‌ಎಎಕ್ಸ್ ಮತ್ತು ಆರ್‌ಡಿಎಕ್ಸ್ ರಿಜಿಸ್ಟರ್‌ಗಳಲ್ಲಿ ಹಿಂದಿರುಗಬೇಕು. ಈ ಫ್ಲ್ಯಾಗ್ ಇದ್ದರೆ ಕರೆಯುವವನು ನೆನಪಿನಲ್ಲಿ ಜಾಗ ಮಾಡಿ, ಅದರ ವಿಳಾಸವನ್ನು ಗುಪ್ತ ಆರ್ಗ್ಯುಮೆಂಟ್ ಆಗಿ ಮೊದಲ ರಿಜಿಸ್ಟರ್ ಆರ್‌ಡಿಐನಲ್ಲಿ ಕಳಿಸುತ್ತಾನೆ. ಊಟದ ಪಂಕ್ತಿಯ ಮೊದಲ ಎಲೆಗೆ ಹೊಸಬರು ಬಂದು ಕೂತರೆ ಉಳಿದವರೆಲ್ಲ ಒಂದೊಂದು ಎಲೆ ಸರಿಯುವಂತೆ, ನಿಜವಾದ ಆರ್ಗ್ಯುಮೆಂಟ್‌ಗಳೆಲ್ಲ ಒಂದು ಸ್ಥಾನ ಮುಂದಕ್ಕೆ ಹೋಗುತ್ತವೆ. ಲೈಬ್ರರಿಗೆ ಇದೇನೂ ಗೊತ್ತಿಲ್ಲ. ಆರ್‌ಡಿಐನಲ್ಲಿರುವುದು ಡೇಟಾಬೇಸಿನ ಹಿಡಿಕೆ ಎಂದು ನಂಬಿ ಸ್ಟ್ಯಾಕಿನ ಖಾಲಿ ಜಾಗವನ್ನು ಓದುತ್ತದೆ, ಅಲ್ಲಿ ಸಿಕ್ಕ ಕಸವನ್ನು ಪಾಯಿಂಟರ್ ಎಂದು ಬಗೆದು ಹಿಂಬಾಲಿಸಿ ಸಾಯುತ್ತದೆ. ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ ಕೋರ್ ಕಡತ ತೆರೆದರೆ ಬ್ಯಾಕ್‌ಟ್ರೇಸ್‌ನ (ಫಂಕ್ಷನ್ ಕರೆಗಳ ಸರಣಿಯ) ಮೇಲಿನ ಚೌಕಟ್ಟು ಜಿಡಿಬಿಎಂ ಲೈಬ್ರರಿಯೊಳಗೆ ಇರುವುದು ಇದಕ್ಕೇ. ಇದನ್ನು ಕಂಡು ಜಿಡಿಬಿಎಂ ಕೆಟ್ಟಿದೆ ಎಂದು ಲೈಬ್ರರಿಯನ್ನು ಮರುಸ್ಥಾಪಿಸುವವರಿದ್ದಾರೆ, ಎಷ್ಟು ಸಲ ಮಾಡಿದರೂ ಫಲ ಒಂದೇ.

ತಿದ್ದುವ ಕ್ರಮ

ಪರ್ಲ್ 5.30.2 ಮತ್ತು 5.32ರಿಂದ ಈ ಹೋಲಿಕೆ ಸರಿಯಾಗಿದೆ. ಆವೃತ್ತಿ ಬದಲಿಸಲು ಸಾಧ್ಯವಿರುವವರು ಅಲ್ಲಿಗೇ ಹೋಗುವುದು ಒಳ್ಳೆಯದು. 5.28.1 ಬೇಕೇ ಬೇಕೆಂದರೆ ಕಾನ್ಫಿಗರ್ ಸ್ಕ್ರಿಪ್ಟನ್ನು ತಿದ್ದಬೇಕು. ಗ್ರೆಪ್ -ಎನ್ ಬಳಸಿ ಜಿಸಿಸಿವರ್ಶನ್ ಎಂಬ ಹೆಸರಿರುವ ಸಾಲುಗಳನ್ನೆಲ್ಲ ಪಟ್ಟಿ ಮಾಡಿ, ಅವುಗಳ ಕೆಳಗಿನ ಕೇಸ್ ವಾಕ್ಯದಲ್ಲಿ 1*) ಇರುವಲ್ಲಿ 1.*) ಎಂದು ಬರೆಯಿರಿ. ಇಡೀ ಕಡತಕ್ಕೆ ಒಂದೇ ಏಟಿಗೆ ಸೆಡ್ ಹಾಕಿ ಬದಲಿಸುವುದು ಬೇಡ. ಜಿಸಿಸಿಗೆ ಸಂಬಂಧವಿಲ್ಲದ ಹೋಲಿಕೆಗಳೂ ಆ ದೊಡ್ಡ ಸ್ಕ್ರಿಪ್ಟಿನಲ್ಲಿವೆ, ಪ್ರತಿಯೊಂದನ್ನೂ ಕಣ್ಣಾರೆ ನೋಡಿ ಬದಲಿಸಬೇಕು. ಸಿಫ್ಲ್ಯಾಗ್ಸ್.ಎಸ್‌ಎಚ್ ಕಡತದಲ್ಲಿ [12]* ಎಂದಿರುವುದನ್ನು [12].* ಮಾಡಬೇಕು.

ಫ್ಲ್ಯಾಗನ್ನು ರದ್ದುಮಾಡುವ -ಎಫ್‌ರೆಗ್-ಸ್ಟ್ರಕ್ಟ್-ರಿಟರ್ನ್ ಅನ್ನು ಸಿಸಿಫ್ಲ್ಯಾಗ್ಸ್ ಕೊನೆಗೆ ಅಂಟಿಸಿದರೆ ಸಾಲದೇ ಎಂದು ಕೇಳುವವರಿಗೆ ಉತ್ತರ: ಸಾಲದು. ಅದೇ ತಪ್ಪು ಹೋಲಿಕೆ ಇನ್ನೊಂದು ಕಡೆ -ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಎಂಬ ಫ್ಲ್ಯಾಗನ್ನು ಬಿಟ್ಟುಬಿಡುತ್ತದೆ. ಜಿಸಿಸಿ 1ಕ್ಕೆ ಅದು ಬೇಡ ಎಂಬುದು ಸ್ಕ್ರಿಪ್ಟಿನ ತರ್ಕ. ಪರ್ಲ್‌ನ ಸೋರ್ಸ್ ಒಂದೇ ನೆನಪಿನ ಜಾಗವನ್ನು ಬೇರೆಬೇರೆ ಟೈಪ್‌ಗಳ ಪಾಯಿಂಟರ್‌ನಿಂದ ಮುಟ್ಟುವ ಶೈಲಿಯದು, ಆ ಫ್ಲ್ಯಾಗ್ ಇಲ್ಲದೆ ಆಪ್ಟಿಮೈಸ್ ಮಾಡಿದರೆ ಕಂಪೈಲರ್ ತಪ್ಪು ಊಹೆ ಮಾಡುವ ಹಕ್ಕು ಪಡೆಯುತ್ತದೆ. ಸೆಗ್‌ಫಾಲ್ಟ್ ಆದರೂ ಕಣ್ಣಿಗೆ ಬೀಳುತ್ತದೆ, ಇದು ಎಲ್ಲೋ ಒಂದು ಮೌಲ್ಯವನ್ನು ಸದ್ದಿಲ್ಲದೆ ಕೆಡಿಸಬಹುದು. ನನ್ನ ಮಟ್ಟಿಗೆ ಎರಡರಲ್ಲಿ ಹೆಚ್ಚು ಅಪಾಯದ್ದು ಇದೇ.

ತಿದ್ದಿದ ಮೇಲೆ ಮತ್ತೆ ಕಾನ್ಫಿಗರ್ ಓಡಿಸುವಾಗ ಎಡವುವ ಜಾಗವೊಂದಿದೆ. ಹಳೆಯ ಕಾನ್ಫಿಗ್.ಎಸ್‌ಎಚ್ ಅಲ್ಲೇ ಇದ್ದರೆ ಕಾನ್ಫಿಗರ್ ಅದರ ಉತ್ತರಗಳನ್ನೇ ಮೊದಲ ಆಯ್ಕೆಯಾಗಿ ತೆಗೆದುಕೊಳ್ಳುತ್ತದೆ. -ಡಿಇಎಸ್ ಎಂದರೆ ಪ್ರಶ್ನೆ ಕೇಳದೆ ಒಪ್ಪಿಕೋ ಎಂದರ್ಥ, ಹಾಗಾಗಿ ಹಳೆಯ ಫ್ಲ್ಯಾಗ್ ಮರಳಿ ಬಂದು ಕೂರುತ್ತದೆ. ಮೇಕ್ ಡಿಸ್ಟ್‌ಕ್ಲೀನ್ ಮಾಡಿ, ಕಾನ್ಫಿಗ್.ಎಸ್‌ಎಚ್ ಮತ್ತು ಪಾಲಿಸಿ.ಎಸ್‌ಎಚ್ ಎರಡೂ ಹೋಗಿವೆಯೇ ನೋಡಿ, ಇದ್ದರೆ ಕೈಯಿಂದ ಅಳಿಸಿ, ಆಮೇಲೆ ಕಾನ್ಫಿಗರ್. ಮೇಕ್ ಮುಗಿದ ಮೇಲೆ ಕಟ್ಟಿದ ಪರ್ಲ್‌ಗೆ ದೊಡ್ಡಕ್ಷರದ -ವಿ ಜೊತೆ ಸಿಸಿಫ್ಲ್ಯಾಗ್ಸ್ ಎಂದು ಕೇಳಿದರೆ ಅದು ತನ್ನ ಫ್ಲ್ಯಾಗ್‌ಗಳನ್ನು ಹೇಳುತ್ತದೆ. ಪಿಸಿಸಿ ಇರಬಾರದು, ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಇರಬೇಕು. ಈ ಎರಡೂ ಖಚಿತವಾದ ಮೇಲೆ ಟೆಸ್ಟ್ ಓಡಿಸಿದಾಗ ಡಿಬಿಎಂ ಗುಂಪಿನಲ್ಲಿ ಸೆಗ್‌ಫಾಲ್ಟ್ ಒಂದೂ ಉಳಿಯಲಿಲ್ಲ.

ಕೈಯಿಂದ ತಿದ್ದಲು ಮನಸ್ಸಿಲ್ಲದವರಿಗೆ ಪ್ಯಾಚ್‌ಪರ್ಲ್ ಎಂಬ ಉಪಕರಣವಿದೆ. ಹಳೆಯ ಪರ್ಲ್ ಸೋರ್ಸ್‌ಗಳಿಗೆ ಇಂಥ ತೇಪೆಗಳನ್ನು ಆವೃತ್ತಿ ನೋಡಿ ತಾನೇ ಹಚ್ಚುತ್ತದೆ.

ಟೈಮ್-ಲೋಕಲ್ ಮತ್ತು 2020

ಈ ಟೆಸ್ಟ್ ಬಿದ್ದದ್ದಕ್ಕೂ ಕಂಪೈಲರ್‌ಗೂ ಸಂಬಂಧವಿಲ್ಲ, ಕಾರಣ ಗೋಡೆಯ ಕ್ಯಾಲೆಂಡರಿನಲ್ಲಿದೆ. ಟೈಮ್::ಲೋಕಲ್ ಮಾಡ್ಯೂಲಿಗೆ ಎರಡಂಕಿಯ ವರ್ಷ ಕೊಟ್ಟರೆ ಅದು ಈಗಿನ ವರ್ಷದಿಂದ 50 ವರ್ಷದೊಳಗಿನ ಶತಮಾನಕ್ಕೆ ಅದನ್ನು ಸೇರಿಸುತ್ತದೆ. ವರ್ಷಕ್ಕೆ 50 ಕೂಡಿಸಿ ಕೊನೆಯ ಎರಡಂಕೆ ತೆಗೆದರೆ ಗಡಿ ಸಿಗುತ್ತದೆ. 2019ರಲ್ಲಿ ಗಡಿ 69, ಆದ್ದರಿಂದ 70 ಎಂದರೆ 1970. 2020ರಲ್ಲಿ ಗಡಿ 70 ಆಯಿತು, 70 ಎಂದರೆ 2070 ಆಯಿತು. 5.28.1ರ ಟೆಸ್ಟ್ ಕಡತ 1970ರ ದಿನಾಂಕಗಳನ್ನು ಎರಡಂಕೆಗೆ ಇಳಿಸಿ ಕಳಿಸುತ್ತಿತ್ತು. 2020ರ ಜನವರಿ 1ರಿಂದ ಅದು ಎಲ್ಲ ಯಂತ್ರಗಳಲ್ಲೂ ಬೀಳುತ್ತದೆ.

ಇದನ್ನು ಊಹೆಯಾಗಿ ಬಿಡದೆ ಸಾಬೀತು ಮಾಡಿಕೊಳ್ಳುವುದು ಸುಲಭ. ಪ್ರೋಗ್ರಾಮಿಗೆ ಬೇರೆ ದಿನಾಂಕ ತೋರಿಸುವ ಫೇಕ್‌ಟೈಮ್ ಪ್ಯಾಕೇಜು ಹಾಕಿ, ಅದಕ್ಕೆ 2019-06-01 ಎಂಬ ದಿನಾಂಕ ಕೊಟ್ಟು ಅದೇ ಲೋಕಲ್.ಟಿ ಕಡತವನ್ನು ಓಡಿಸಿದರೆ ಪಾಸಾಗುತ್ತದೆ. ಯಂತ್ರದ ಗಡಿಯಾರವನ್ನೇ ಹಿಂದೆ ತಿರುಗಿಸಬೇಡಿ, ಮೇಕ್‌ನ ಸಮಯದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇಲ್ಲಿ ತಪ್ಪಿರುವುದು ಟೆಸ್ಟ್ ಮಾತ್ರ, ಮಾಡ್ಯೂಲ್ ತನ್ನ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆಯುತ್ತಿದೆ. ಹಾಗೆಂದು ಟೆಸ್ಟ್ ಬಿದ್ದದ್ದನ್ನು ಕಡೆಗಣಿಸಿ ಮುಂದೆ ಹೋಗುವ ಮೊದಲು ಕೋಶದ ಸ್ಕ್ರಿಪ್ಟುಗಳಲ್ಲಿ ಟೈಮ್‌ಲೋಕಲ್, ಟೈಮ್‌ಜಿಎಂ ಕರೆಗಳನ್ನು ಗ್ರೆಪ್ ಮಾಡಿ ನೋಡಬೇಕಾಯಿತು. ಹಳೆಯ ದಾಖಲೆಗಳಿಂದ ಬಂದ ನಮೂದುಗಳಿಗೆ 56 ಎಂಬಂತೆ ಎರಡಂಕಿಯ ವರ್ಷ ಹಾಕುವ ಅಭ್ಯಾಸ ಈ ಭಾಗದಲ್ಲಿ ಸಾಮಾನ್ಯ, ಭಾಷಾವಾರು ಪ್ರಾಂತ್ಯ ರಚನೆಯ 1956ನ್ನು ಹಾಗೇ ಬರೆಯುತ್ತಾರೆ. ಅಂಥ ಮೌಲ್ಯ ಈ ಮಾಡ್ಯೂಲಿನ ಕೈಗೆ ಸಿಕ್ಕರೆ ಈಗ 2056. ವರ್ಷವನ್ನು ನಾಲ್ಕಂಕೆಯಲ್ಲೇ ಕೊಡುವಂತೆ ಸ್ಕ್ರಿಪ್ಟು ತಿದ್ದುವುದೇ ಇದಕ್ಕೆ ಪರಿಹಾರ.

ಟೈಮ್-ಹೈರೆಸ್‌ನದು ಸಣ್ಣ ವಿಷಯ. ಅದರ ಟೆಸ್ಟ್‌ಗಳು ಇಂತಿಷ್ಟು ಹೊತ್ತು ಮಲಗಿ ಎದ್ದಾಗ ನಿಜವಾಗಿ ಎಷ್ಟು ಹೊತ್ತಾಗಿದೆ ಎಂದು ಅಳೆಯುತ್ತವೆ. ಎರಡು ಕೋರ್‌ಗಳ ಯಂತ್ರದಲ್ಲಿ ಎಂಟು ಟೆಸ್ಟ್ ಒಟ್ಟಿಗೆ ಓಡಿದರೆ ಎಚ್ಚರವಾಗುವುದು ತಡವಾಗುತ್ತದೆ. ಅವನ್ನಷ್ಟೇ ಒಂದೊಂದಾಗಿ ಓಡಿಸಿದಾಗ ಪಾಸಾದವು. ಟೆಸ್ಟ್_ಜಾಬ್ಸ್ ಮೌಲ್ಯ ಕೋರ್‌ಗಳ ಸಂಖ್ಯೆಯನ್ನು ಮೀರದಿರಲಿ.

ಸ್ಥಾಪನೆ ಮತ್ತು ದತ್ತಾಂಶ

ಟೆಸ್ಟ್ ಮುಗಿಯಿತೆಂದು ನೇರ ಕೋಶದ ಕಡತವನ್ನು ತೆರೆಯಬಾರದು. ಹಳೆಯ ಸರ್ವರ್‌ನಲ್ಲಿ ಜಿಡಿಬಿಎಂ_ಡಂಪ್ ಓಡಿಸಿ ಪಠ್ಯರೂಪದ ಪ್ರತಿ ತೆಗೆದು, ಹೊಸದರಲ್ಲಿ ಜಿಡಿಬಿಎಂ_ಲೋಡ್‌ನಿಂದ ಕಡತವನ್ನು ಹೊಸದಾಗಿ ಕಟ್ಟಲಾಯಿತು. ಈ ಎರಡು ಉಪಕರಣಗಳಿಗೆ ಪರ್ಲ್ ಬೇಕಿಲ್ಲ, ಆದ್ದರಿಂದ ದತ್ತಾಂಶ ಸರಿಯಿದೆಯೇ ಎಂಬ ಪ್ರಶ್ನೆಯೂ ಪರ್ಲ್ ಸರಿಯಿದೆಯೇ ಎಂಬ ಪ್ರಶ್ನೆಯೂ ಒಂದಕ್ಕೊಂದು ತೊಡರಿಕೊಳ್ಳುವುದಿಲ್ಲ. ಆಮೇಲೆ ಎರಡೂ ಯಂತ್ರಗಳಲ್ಲಿ ಒಂದೇ ಸ್ಕ್ರಿಪ್ಟ್ ಓಡಿಸಿ, ಎಲ್ಲ ಕೀಲಿಪದಗಳನ್ನು ಅಕಾರಾದಿಯಾಗಿ ಕಡತಕ್ಕೆ ಬರೆಸಿ, ಡಿಫ್ ಹಾಕಿ ಎರಡನ್ನೂ ಹೋಲಿಸಬೇಕು. ಡಿಫ್ ಏನೂ ಹೇಳದಿದ್ದರೆ ಓದುವಿಕೆಯೂ ಅನುಕ್ರಮವೂ ಎರಡೂ ಒಟ್ಟಿಗೆ ಪರೀಕ್ಷೆಯಾದಂತೆ. ಜಿಡಿಬಿಎಂಗೆ ಅಕ್ಷರ ಗೊತ್ತಿಲ್ಲ, ಬೈಟು ಮಾತ್ರ ಗೊತ್ತು. ಕನ್ನಡ ಪದವನ್ನು ಯುಟಿಎಫ್-8ಕ್ಕೆ ಎನ್‌ಕೋಡ್ ಮಾಡದೆ ಕೀಲಿಯಾಗಿ ಕೊಟ್ಟರೆ ವೈಡ್ ಕ್ಯಾರೆಕ್ಟರ್ ಎಂಬ ದೂರು ಬರುತ್ತದೆ, ಅದನ್ನು ಟೆಸ್ಟ್ ಸೋಲಿನೊಡನೆ ಬೆರೆಸಿಕೊಳ್ಳಬಾರದು.

ಸುಡೋ ಬಳಸಿ ಮೇಕ್ ಇನ್‌ಸ್ಟಾಲ್ ಮಾಡಿದ ಮೇಲೆ, ತಿದ್ದಿದ ಕಾನ್ಫಿಗರ್ ಮತ್ತು ಸಿಫ್ಲ್ಯಾಗ್ಸ್ ಕಡತಗಳಿಗೂ ಮೂಲಕ್ಕೂ ಇರುವ ವ್ಯತ್ಯಾಸವನ್ನು ಡಿಫ್ ಕಡತವಾಗಿ, ಕಾನ್ಫಿಗ್.ಎಸ್‌ಎಚ್ ಮತ್ತು ಟೆಸ್ಟ್ ಲಾಗ್‌ಗಳ ಜೊತೆ, ಅದೇ ಆಪ್ಟ್ ಫೋಲ್ಡರ್‌ನಲ್ಲಿ ಇಡಲಾಗಿದೆ. ಟೈಮ್-ಲೋಕಲ್ ಟೆಸ್ಟ್ ಏಕೆ ಬೀಳುತ್ತದೆ ಎಂಬ ನಾಲ್ಕು ಸಾಲಿನ ಟಿಪ್ಪಣಿಯೂ ಅಲ್ಲಿದೆ, ಮುಂದೆ ಕಟ್ಟುವವರು ಅದನ್ನು ಮತ್ತೆ ಹುಡುಕಬೇಕಿಲ್ಲ. ಕೋಶದ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ ಆಪ್ಟ್ ಒಳಗಿನ ಪರ್ಲ್‌ನ ಪೂರ್ತಿ ದಾರಿ ಬರೆಯಲಾಗಿದೆ. ವ್ಯವಸ್ಥೆಯ ಪರ್ಲ್ 5.36 ತನ್ನ ಜಾಗದಲ್ಲಿ ಹಾಗೇ ಇದೆ, ಡೆಬಿಯನ್‌ನ ಸ್ವಂತ ಉಪಕರಣಗಳು ಅದನ್ನೇ ನೆಚ್ಚಿಕೊಂಡಿರುವುದರಿಂದ ಅದನ್ನು ಮುಟ್ಟಿಲ್ಲ.